ಟ್ಯಾಪ್ ಮಾಡದೆ ಉಳಿದವರನ್ನು ಉಳಿಸಿದ್ದು ಯಾರು?

ಪ್ರಶ್ನೆ: ಸರ್, ನನ್ನ ತಮ್ಮನಿಗೆ 17 ವರ್ಷ, ದ್ವಿತೀಯ ಪಿಯುಸಿ ಓದುತ್ತಿದ್ದಾನೆ. ನಾಲ್ಕು ತಿಂಗಳಿಂದ ಮೊಬೈಲಿನಲ್ಲಿ 1990ರ ದಶಕದ ಮಿಕ್ಸ್ಡ್ ಮಾರ್ಷಲ್ ಆರ್ಟ್ಸ್ (ಗುದ್ದು, ಒದೆತ, ಹಿಡಿತ ಎಲ್ಲ ಸೇರಿದ ಕಾದಾಟ) ಪಂದ್ಯಗಳನ್ನೇ ನೋಡುತ್ತಾನೆ. ರಾಯ್ಸ್ ಗ್ರೇಸಿ, ಸಕುರಾಬಾ ಎಂಬ ಸ್ಪರ್ಧಿಗಳೆಂದರೆ ಅವನಿಗೆ ಪ್ರಾಣ. ಈಗ ಮೂವರು ಗೆಳೆಯರನ್ನು ಸೇರಿಸಿಕೊಂಡು ನಮ್ಮ ತಾರಸಿಯ ಮೇಲೆ ಚಾಪೆ ಹಾಸಿ, ಗ್ಲೌಸ್ ಇಲ್ಲದೆ ಆಡುತ್ತಾರೆ. ಹೋದ ವಾರ ಒಬ್ಬ ತೋಳು ತಿರುಚಿ ಹಿಡಿದಾಗ ಇವನು ಟ್ಯಾಪ್ ಮಾಡಲಿಲ್ಲ, ಎಂದರೆ ಸೋತೆ ಎಂದು ಕೈ ತಟ್ಟಿ ಬಿಡಿಸಿಕೊಳ್ಳಲಿಲ್ಲ. ಮೊಣಕೈ ಊದಿದೆ, ಪೂರ್ತಿ ಚಾಚಲು ಆಗುತ್ತಿಲ್ಲ. ಕೇಳಿದರೆ "ಅವರು ಯಾರೂ ಟ್ಯಾಪ್ ಮಾಡಿರಲಿಲ್ಲ" ಎನ್ನುತ್ತಾನೆ. ಗ್ಲೌಸಿಗಿಂತ ಬರಿಗೈಯೇ ಸುರಕ್ಷಿತ ಎಂದೂ ವಾದಿಸುತ್ತಾನೆ. ಅಪ್ಪ ವಯಸ್ಸಿನಲ್ಲಿ ಕುಸ್ತಿ ಆಡಿದವರು. ಆ ವಿಡಿಯೊ ನೋಡಿ "ಬೆನ್ನ ಮೇಲೆ ಬಿದ್ದವನೇ ಗೆದ್ದನಂತೆ, ಎಲ್ಲ ಮೊದಲೇ ಮಾತಾಡಿಕೊಂಡ ನಾಟಕ" ಎನ್ನುತ್ತಾರೆ. ಆ ಪಂದ್ಯಗಳು ನಿಜವೇ? ಅವುಗಳಿಂದ ಕಲಿಯುವುದು ಏನಾದರೂ ಇದೆಯೇ? ತಮ್ಮನನ್ನು ತಡೆಯಬೇಕೇ, ಬಿಡಬೇಕೇ?

ಉತ್ತರ: ಮೊದಲು ಮೊಣಕೈ, ಪಂದ್ಯಗಳ ಮಾತು ಆಮೇಲೆ. ಒಂದು ವಾರವಾದರೂ ಊತ ಇಳಿದಿಲ್ಲ, ತೋಳು ಚಾಚಲು ಬರುತ್ತಿಲ್ಲ ಎಂದರೆ ಮೂಳೆ ವೈದ್ಯರ ಬಳಿ ಹೋಗಿ ಎಕ್ಸ್-ರೇ ತೆಗೆಸಲೇಬೇಕು. ಉಂಗುರದ ಬೆರಳು, ಕಿರುಬೆರಳು ಜೋಮು ಹಿಡಿಯುತ್ತವೆಯೇ ಎಂದು ಕೇಳಿ. ಹೌದು ಎಂದರೆ ಇವತ್ತೇ ಹೊರಡಿ. ಮೊಣಕೈಯ ಒಳಬದಿಯಲ್ಲಿ ಹಾಯುವ ನರಕ್ಕೆ ಪೆಟ್ಟಾಗಿರಬಹುದು. ಎಣ್ಣೆ ಹಚ್ಚಿ ನೀವಿಸುವುದು, ಎಳೆದು ಕೂರಿಸುವುದು ಬೇಡ. ಗರಡಿಯಲ್ಲಿ ಬೆಳೆದ ನನಗೆ ನೀವುವವರ ಕೈಗುಣದ ಮೇಲೆ ಗೌರವವಿದೆ. ಆದರೆ ಕೀಲಿನೊಳಗೆ ಮೂಳೆಯ ಚೂರು ಎದ್ದಿದೆಯೇ ಎಂಬುದು ಯಾವ ಬೆರಳಿಗೂ ತಿಳಿಯುವುದಿಲ್ಲ.

ಇನ್ನು ನಿಮ್ಮ ತಮ್ಮನ ಮಾತು. ಇಪ್ಪತ್ತು ವರ್ಷಗಳಿಂದ ಕುಸ್ತಿ ಮತ್ತು ಜಿಯು-ಜಿತ್ಸು (ನೆಲದ ಮೇಲಿನ ಹಿಡಿತಗಳ ವಿದ್ಯೆ) ಕಲಿಸುತ್ತಿದ್ದೇನೆ. "ಅವರು ಯಾರೂ ಟ್ಯಾಪ್ ಮಾಡಿರಲಿಲ್ಲ" ಎಂಬ ಮಾತನ್ನು ಬೇರೆ ಬೇರೆ ಹುಡುಗರ ಬಾಯಲ್ಲಿ ಕೇಳಿದ್ದೇನೆ. ಪೂರ್ತಿ ಸುಳ್ಳಾಗಿದ್ದರೆ ತಳ್ಳಿಹಾಕಬಹುದಿತ್ತು. ಅದರಲ್ಲಿ ಅರ್ಧ ನಿಜವಿದೆ, ಉಳಿದರ್ಧ ವಿಡಿಯೊ ತುಣುಕುಗಳಲ್ಲಿ ಕಾಣುವುದಿಲ್ಲ.

ಆದರೆ ಅಪ್ಪನ ಅನುಮಾನಕ್ಕೆ ಮೊದಲು ಉತ್ತರ ಹೇಳುತ್ತೇನೆ, ಏಕೆಂದರೆ ಅದು ಅನುಭವಿಯ ಅನುಮಾನ. 1993ರ ನವೆಂಬರ್ 12ರಂದು ಅಮೆರಿಕದ ಡೆನ್ವರ್ ನಗರದಲ್ಲಿ ಯುಎಫ್‌ಸಿ ಎಂಬ ಕಾದಾಟದ ಕೂಟ ಮೊದಲ ಬಾರಿಗೆ ನಡೆಯಿತು. ಎಂಟು ಮಂದಿ, ಒಂದೇ ರಾತ್ರಿ, ಗೆದ್ದವನಿಗೆ 50 ಸಾವಿರ ಡಾಲರ್. ತೂಕದ ವರ್ಗಗಳಿರಲಿಲ್ಲ, ಗ್ಲೌಸ್ ಕಡ್ಡಾಯವಿರಲಿಲ್ಲ. ಸಂಘಟಕರಲ್ಲಿ ಒಬ್ಬರಾದ ರೋರಿಯನ್ ಗ್ರೇಸಿ ಅವರ ತಮ್ಮನೇ ರಾಯ್ಸ್. ಮನೆಯವರ ಕೂಟ, ಮನೆಯ ಹುಡುಗನ ಗೆಲುವು: ಅನುಮಾನ ಹುಟ್ಟುವುದು ಸಹಜ. ತಮ್ಮ ಮನೆತನದ ಜಿಯು-ಜಿತ್ಸುವನ್ನು ಜಗತ್ತಿಗೆ ತೋರಿಸಬೇಕೆಂಬ ಉದ್ದೇಶವನ್ನು ಅವರು ಮುಚ್ಚಿಟ್ಟಿರಲೂ ಇಲ್ಲ. ಸುಮಾರು 80 ಕೆ.ಜಿ. ತೂಗುವ, ನೋಡಲು ತೆಳ್ಳಗಿದ್ದ ರಾಯ್ಸ್‌ನನ್ನೇ ಕಣಕ್ಕಿಳಿಸಿದ್ದೂ ಲೆಕ್ಕಾಚಾರವೇ. ಮೊದಲ ಎದುರಾಳಿ ಆರ್ಟ್ ಜಿಮ್ಮರ್ಸನ್ ಎಂಬ ಬಾಕ್ಸರ್ ಒಂದೇ ಕೈಗೆ ಗ್ಲೌಸ್ ತೊಟ್ಟು ಬಂದ, ನೆಲಕ್ಕೆ ಬಿದ್ದು ರಾಯ್ಸ್ ಮೇಲೇರಿದಾಗ ಏನು ಮಾಡಬೇಕೆಂದು ತಿಳಿಯದೆ ಸೋಲೊಪ್ಪಿದ.

ಹಾಗಂತ ಅದು ನಾಟಕವಲ್ಲ. ಅದೇ ರಾತ್ರಿಯ ಎರಡನೆಯ ಸುತ್ತಿನಲ್ಲಿ ರಾಯ್ಸ್‌ಗೆ ಎದುರಾದ ಕೆನ್ ಶ್ಯಾಮ್ರಾಕ್ ಹಿಡಿತಗಳನ್ನು ಬಲ್ಲವನು. ನಾಲ್ಕು ದಿನ ಮೊದಲು ಜಪಾನಿನ ಪ್ಯಾಂಕ್ರೇಸ್ ಕೂಟದಲ್ಲಿ ಸೆಣಸಿ ಬಂದಿದ್ದವನು. ರಾಯ್ಸ್ ಹಿಂದಿನಿಂದ ಕುತ್ತಿಗೆಗೆ ತೋಳು ಹಾಕಿದ, ಅಂಗಿಯ ತೋಳಿನ ಬಟ್ಟೆ ಗಂಟಲಿಗೆ ಒತ್ತಿತು, ಶ್ಯಾಮ್ರಾಕ್ ನೆಲ ತಟ್ಟಿದ. ಒಂದು ನಿಮಿಷವೂ ಆಗಿರಲಿಲ್ಲ. ರೆಫರಿಗೆ ಅದು ಕಾಣದೆ, ಮುಂದುವರಿಸಿ ಎಂದರು. ಆಗ ಶ್ಯಾಮ್ರಾಕ್ ತಾನು ಸೋತಿದ್ದೇನೆಂದು ತಾನೇ ಒಪ್ಪಿಕೊಂಡ. ಯಾರೂ ನೋಡದ ಸೋಲನ್ನು ಒಪ್ಪಿಕೊಂಡ ಆ ಕ್ಷಣ ನನಗೆ ಇಡೀ ಕೂಟದಲ್ಲೇ ದೊಡ್ಡದು. ನಿಮ್ಮ ತಮ್ಮನಿಗೆ ಇದನ್ನು ತೋರಿಸಿ. ಆ ರಾತ್ರಿ ರಾಯ್ಸ್ ಎದುರು ಸೋತ ಮೂವರೂ, ಎಂದರೆ ಜಿಮ್ಮರ್ಸನ್, ಶ್ಯಾಮ್ರಾಕ್, ಫೈನಲ್‌ನ ಜೆರಾರ್ಡ್ ಗೊರ್ಡೊ, ಸೋಲೊಪ್ಪಿಯೇ ಹೊರಬಂದರು. ಯಾರೂ ಟ್ಯಾಪ್ ಮಾಡಿರಲಿಲ್ಲ ಎಂಬ ವಾದ ಮೊದಲ ದಿನವೇ ಬಿದ್ದುಹೋಗಿದೆ.

ಬೆನ್ನ ಮೇಲೆ ಬಿದ್ದವನು ಗೆಲ್ಲುವುದು ಹೇಗೆ ಎಂಬುದು ಅಪ್ಪನ ಇನ್ನೊಂದು ಪ್ರಶ್ನೆ. ನನಗೂ ಅದು ಅರಗಲು ಕಾಲ ಹಿಡಿಯಿತು. ನಮ್ಮ ವಸ್ತಾದರು ಕಲಿಸಿದ ಮೊದಲ ಪಾಠವೇ ಬೆನ್ನಿಗೆ ಮಣ್ಣು ತಾಗಬಾರದು ಎಂಬುದು. ಬೆನ್ನಿಗೆ ಮಣ್ಣು ತಾಗಿತೆಂದರೆ ಚಿತ್, ಪಂದ್ಯ ಮುಗಿಯಿತು, ಡೋಲು ಬಾರಿಸುತ್ತದೆ. ಆ ಕಣ್ಣಿನಿಂದ 1994ರ ಡಿಸೆಂಬರ್ 16ರ ರಾಯ್ಸ್ ಗ್ರೇಸಿ ಮತ್ತು ಡ್ಯಾನ್ ಸೆವರ್ನ್ ಪಂದ್ಯವನ್ನು ನೋಡಿದರೆ, ರಾಯ್ಸ್ ಮೊದಲ ನಿಮಿಷದಲ್ಲೇ ಸೋತಿದ್ದಾನೆ. ಸೆವರ್ನ್ ನುರಿತ ಕುಸ್ತಿಪಟು, ತೂಕ 115 ಕೆ.ಜಿ. ಆಸುಪಾಸು. ರಾಯ್ಸ್‌ನನ್ನು ನೆಲಕ್ಕೆ ಕೆಡವಿ ಮೇಲೆ ಕೂತ. ಕಾಲು ಗಂಟೆ ಕಳೆದರೂ ಹಾಗೇ ಇದ್ದರು. ಟಿವಿಯಲ್ಲಿ ಹಣ ಕಟ್ಟಿ ನೋಡುತ್ತಿದ್ದ ಅನೇಕರಿಗೆ ನಿಗದಿಯಾದ ಸಮಯ ಮುಗಿದು ಪರದೆ ಕಪ್ಪಾಯಿತು. ಅವರು ಅಂತ್ಯವನ್ನೇ ನೋಡಲಿಲ್ಲ.

ಆ ಹದಿನೈದು ನಿಮಿಷಗಳನ್ನು ನಿಧಾನವಾಗಿ ನೋಡಿ. ಕೆಳಗಿದ್ದವನ ಕಾಲುಗಳು ಸುಮ್ಮನಿಲ್ಲ. ಒಮ್ಮೆ ಎದುರಾಳಿಯ ಸೊಂಟವನ್ನು ತಳ್ಳುತ್ತವೆ, ಒಮ್ಮೆ ಹೆಗಲಿಗೆ ಏರುತ್ತವೆ. ಕೈಗಳು ಅವನ ಮಣಿಕಟ್ಟನ್ನು ಹುಡುಕುತ್ತವೆ. ಸೆವರ್ನ್‌ಗೆ ಕೆಡವುವುದು ಗೊತ್ತು, ಕೆಡವಿದ ಮೇಲೆ ಏನು ಮಾಡಬೇಕೆಂಬುದು ಅವನ ವಿದ್ಯೆಯಲ್ಲಿ ಇರಲಿಲ್ಲ. ಹೊಡೆಯಲೂ ಅವನು ಮನಸ್ಸು ಮಾಡಲಿಲ್ಲ. ಕಡೆಗೊಮ್ಮೆ ಅವನ ಒಂದು ತೋಳು ಒಳಗೆ, ಒಂದು ತೋಳು ಹೊರಗೆ ಉಳಿಯಿತು. ರಾಯ್ಸ್‌ನ ಕಾಲು ಕುತ್ತಿಗೆಯ ಮೇಲೆ ಬಿತ್ತು, ಇನ್ನೊಂದು ಮಂಡಿಯ ಹಿಂದೆ ಅದರ ಪಾದ ಸಿಕ್ಕಿಕೊಂಡಿತು. ಟ್ರಯಾಂಗಲ್ ಎಂದು ಕರೆಯುವ ಈ ಪಟ್ಟಿನಲ್ಲಿ ಕುತ್ತಿಗೆಯ ಒಂದು ಬದಿಯ ರಕ್ತನಾಳವನ್ನು ಪಟ್ಟು ಹಾಕಿದವನ ತೊಡೆ ಒತ್ತುತ್ತದೆ, ಇನ್ನೊಂದು ಬದಿಯದನ್ನು ಸಿಕ್ಕಿಬಿದ್ದವನ ಸ್ವಂತ ಭುಜವೇ ಒತ್ತುತ್ತದೆ. 15 ನಿಮಿಷ 49 ಸೆಕೆಂಡಿಗೆ ಸೆವರ್ನ್ ಟ್ಯಾಪ್ ಮಾಡಿದ. ಅಪ್ಪನಿಗೆ ಇಷ್ಟು ಹೇಳಿ: ಕುಸ್ತಿಯಲ್ಲಿ ಬೆನ್ನು ತಾಗುವುದು ಸೋಲು ಎಂದು ನಿಯಮ ಮಾಡಿಕೊಂಡಿದ್ದೇವೆ, ಅದಕ್ಕೇ ಅಲ್ಲಿಂದ ಮುಂದಿನ ವಿದ್ಯೆ ನಮ್ಮಲ್ಲಿ ಬೆಳೆಯಲಿಲ್ಲ. ಬ್ರೆಜಿಲ್‌ನ ಆ ಮನೆತನ ಅಲ್ಲಿಂದಲೇ ಶುರು ಮಾಡಿತು.

ಚಿಕ್ಕವನು ದೊಡ್ಡವನನ್ನು ಯಾವಾಗಲೂ ಗೆಲ್ಲುತ್ತಾನೆ ಎಂಬ ಪಾಠವನ್ನೂ ಇದರಿಂದ ತೆಗೆಯಬಾರದು. ರಾಯ್ಸ್‌ಗೆ ಸಮಯ ಇತ್ತು, ಎದುರಾಳಿಗೆ ತಿಳಿವಳಿಕೆ ಇರಲಿಲ್ಲ. 1995ರ ಏಪ್ರಿಲ್‌ನಲ್ಲಿ ಕಾಲಮಿತಿ ಬಂತು. ಹಿಡಿತಕ್ಕೆ ಸಿದ್ಧನಾಗಿ ಬಂದ ಶ್ಯಾಮ್ರಾಕ್ ಜೊತೆಗಿನ ಮರುಪಂದ್ಯ 36 ನಿಮಿಷ ನಡೆದು ಡ್ರಾ ಆಯಿತು. 1997ರ ಜುಲೈನಲ್ಲಿ ಮಾರಿಸ್ ಸ್ಮಿತ್ ಎಂಬ ಕಿಕ್‌ಬಾಕ್ಸರ್, ಎಲ್ಲರನ್ನೂ ಕೆಡವಿ ಗುದ್ದುತ್ತಿದ್ದ ಕುಸ್ತಿಪಟು ಮಾರ್ಕ್ ಕೋಲ್ಮನ್‌ನನ್ನು 21 ನಿಮಿಷಗಳ ಪಂದ್ಯದಲ್ಲಿ ಸೋಲಿಸಿದ. ಅವನು ಬೆನ್ನ ಮೇಲೆ ಬಿದ್ದು ಕಾಯುವುದನ್ನು ಕಲಿತಿದ್ದ, ಕೋಲ್ಮನ್‌ಗೆ ಉಸಿರು ಉಳಿದಿರಲಿಲ್ಲ. ನಾಲ್ಕೇ ವರ್ಷಗಳಲ್ಲಿ ವಿದ್ಯೆ ಎಷ್ಟು ಕೈ ಬದಲಾಯಿಸಿತು ನೋಡಿ. ಹಳೆಯ ಪಂದ್ಯಗಳನ್ನು ಬಿಡಿಬಿಡಿ ತುಣುಕುಗಳಾಗಿ ನೋಡಿದರೆ ಇದು ಗೊತ್ತಾಗುವುದಿಲ್ಲ. ಒಂದರ ಹಿಂದೆ ಒಂದನ್ನು ನೋಡಿದರೆ, ಪ್ರತಿಯೊಂದೂ ಹಿಂದಿನದಕ್ಕೆ ಕೊಟ್ಟ ಜವಾಬು. ಅವುಗಳಿಂದ ಕಲಿಯುವುದು ಬೇಕಾದಷ್ಟಿದೆ.

ಈಗ ನಿಮ್ಮ ತಮ್ಮನ ಮೊಣಕೈಗೆ ಬರುತ್ತೇನೆ. ನೀವು ಬರೆದ ರೀತಿ ನೋಡಿದರೆ ಅವನು ಸಿಕ್ಕಿಬಿದ್ದದ್ದು ಕಿಮುರಾ ಎನ್ನುವ ಪಟ್ಟಿನಲ್ಲಿ ಇರಬೇಕು. ಎದುರಾಳಿಯ ಮಣಿಕಟ್ಟನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯನ್ನು ಅವನ ತೋಳಿನ ಮೇಲಿಂದ ಹಾಯಿಸಿ ತನ್ನದೇ ಮಣಿಕಟ್ಟನ್ನು ಹಿಡಿದು, ಕೈಯನ್ನು ಬೆನ್ನಿನ ಕಡೆಗೆ ತಿರುಚುವುದು. ಭುಜ ಅಥವಾ ಮೊಣಕೈ, ಯಾವುದು ಮೊದಲು ಸೋಲುತ್ತದೋ ಅದು ಹೋಗುತ್ತದೆ. ಈ ಒಂದು ಪಟ್ಟಿನ ಚರಿತ್ರೆಯಲ್ಲಿ ಟ್ಯಾಪ್ ಮಾಡದವರ ಸಾಲೇ ಇದೆ. ನಿಮ್ಮ ತಮ್ಮನ ತಲೆಯಲ್ಲಿರುವುದೂ ಈ ಸಾಲೇ.

1951ರ ಅಕ್ಟೋಬರ್‌ನಲ್ಲಿ ರಿಯೊ ಡಿ ಜನೈರೊದ ಮರಕಾನಾ ಕ್ರೀಡಾಂಗಣದಲ್ಲಿ ಜಪಾನಿನ ಜೂಡೊ ಪಟು ಮಸಾಹಿಕೊ ಕಿಮುರಾ, ರಾಯ್ಸ್‌ನ ತಂದೆ ಹೆಲಿಯೊ ಗ್ರೇಸಿಯ ತೋಳನ್ನು ಹೀಗೆ ಹಿಡಿದರು. ಮೂಳೆ ಮುರಿದ ಸದ್ದು ಕೇಳಿತೆಂದು ಕಿಮುರಾ ಆಮೇಲೆ ಹೇಳಿಕೊಂಡಿದ್ದಾರೆ. ಹೆಲಿಯೊ ಸೋಲೊಪ್ಪಲಿಲ್ಲ. ಅಣ್ಣ ಕಾರ್ಲೋಸ್ ಟವೆಲ್ ಎಸೆದರು, ಎಂದರೆ ಅವನ ಪರವಾಗಿ ಸೋಲೊಪ್ಪಿದರು. ಪಟ್ಟಿಗೆ ಕಿಮುರಾ ಎಂಬ ಹೆಸರು ಬಂದದ್ದು ಅಲ್ಲಿಂದ. 1976ರ ಡಿಸೆಂಬರ್‌ನಲ್ಲಿ ಕರಾಚಿಯಲ್ಲಿ ಜಪಾನಿನ ಕುಸ್ತಿಪಟು ಆಂಟೋನಿಯೊ ಇನೋಕಿ ಇದೇ ಹಿಡಿತವನ್ನು ಅಕ್ರಮ್ ಪೈಲ್ವಾನರ ಮೇಲೆ ಹಾಕಿದರು. ಈ ಅಕ್ರಮ್ ಯಾರೆಂದು ಅಪ್ಪನಿಗೆ ಹೇಳಿ: ಗಾಮಾ ಪೈಲ್ವಾನರ ತಮ್ಮ ಇಮಾಮ್ ಬಕ್ಷ್ ಅವರ ಮಗ. ಮನೆತನದ ಮಾನ ಹೆಗಲ ಮೇಲಿತ್ತು, ಅವರು ಸೋಲೊಪ್ಪಲಿಲ್ಲ, ತೋಳು ಹೋಯಿತು. 1999ರ ನವೆಂಬರ್‌ನಲ್ಲಿ ಟೋಕಿಯೊದಲ್ಲಿ ಕಜುಶಿ ಸಕುರಾಬಾ ಇದೇ ಪಟ್ಟನ್ನು ರಾಯ್ಸ್‌ನ ಅಣ್ಣ ರಾಯ್ಲರ್ ಗ್ರೇಸಿಗೆ ಹಾಕಿದಾಗ ಪಂದ್ಯ ಮುಗಿಯಲು ಎರಡು ನಿಮಿಷವೂ ಇರಲಿಲ್ಲ. ರಾಯ್ಲರ್ ಟ್ಯಾಪ್ ಮಾಡಲಿಲ್ಲ, ರೆಫರಿ ನಿಲ್ಲಿಸಿದರು. 2000ದ ಆಗಸ್ಟ್‌ನಲ್ಲಿ ಅದೇ ಮನೆತನದ ರೆಂಜೊ ಗ್ರೇಸಿಯ ಸರದಿ. ಕೊನೆಯ ಸೆಕೆಂಡುಗಳು, ಇಬ್ಬರೂ ನಿಂತೇ ಇದ್ದರು, ಸಕುರಾಬಾ ಮೈ ತಿರುಗಿಸಿ ನೆಲಕ್ಕೆ ಎಳೆದ. ರೆಂಜೊನ ಮೊಣಕೈ ಕೀಲು ತಪ್ಪಿತು. ಅವನೂ ಟ್ಯಾಪ್ ಮಾಡಲಿಲ್ಲ, ಅಲ್ಲಿಯೂ ರೆಫರಿಯೇ ನಿಲ್ಲಿಸಿದರು.

ಇದೇ ಸಾಲಿಗೆ 2000ದ ಮೇ 1ರಂದು ಟೋಕಿಯೊ ಡೋಮ್‌ನಲ್ಲಿ ನಡೆದ ರಾಯ್ಸ್ ಮತ್ತು ಸಕುರಾಬಾ ಪಂದ್ಯವನ್ನೂ ಸೇರಿಸುತ್ತೇನೆ. ಹದಿನೈದು ನಿಮಿಷದ ಸುತ್ತುಗಳು, ಎಷ್ಟು ಬೇಕಾದರೂ ಸುತ್ತುಗಳು, ರೆಫರಿ ನಿಲ್ಲಿಸುವಂತಿಲ್ಲ: ಈ ಷರತ್ತುಗಳನ್ನು ಕೇಳಿ ಪಡೆದದ್ದು ಗ್ರೇಸಿ ಕಡೆಯವರೇ. ಆರು ಸುತ್ತು, ತೊಂಬತ್ತು ನಿಮಿಷ. ಸಕುರಾಬಾನ ಒದೆತಗಳಿಗೆ ರಾಯ್ಸ್‌ನ ತೊಡೆ ಸೋತುಹೋಗಿತ್ತು, ಏಳನೆಯ ಸುತ್ತಿಗೆ ಏಳಲು ಆಗಲಿಲ್ಲ. ಅಣ್ಣ ರೋರಿಯನ್ ಟವೆಲ್ ಎಸೆದರು. ಅಪ್ಪ ಹೆಲಿಯೊ ಅಲ್ಲೇ ಇದ್ದರು. ಸುಮಾರು ನಲವತ್ತೊಂಬತ್ತು ವರ್ಷಗಳ ಹಿಂದೆ ತನಗಾಗಿ ಅಣ್ಣ ಎಸೆದಿದ್ದ ಟವೆಲನ್ನು ಅವರು ಈಗ ಮಗನಿಗಾಗಿ ನೋಡಿದರು.

ಈಗ ಸಾಲನ್ನು ಮತ್ತೆ ನೋಡಿ. ಕಾರ್ಲೋಸ್, ಇಬ್ಬರು ರೆಫರಿಗಳು, ರೋರಿಯನ್. ಟ್ಯಾಪ್ ಮಾಡದವನ ಪಕ್ಕದಲ್ಲಿ ಅವನ ಪರವಾಗಿ ಟ್ಯಾಪ್ ಮಾಡುವವನೊಬ್ಬ ನಿಂತಿದ್ದ. ಆ ಧೈರ್ಯ ಇಬ್ಬರು ಸೇರಿ ಹೊತ್ತದ್ದು. ನಿಮ್ಮ ತಾರಸಿಯ ಮೇಲೆ ನಾಲ್ವರು ಹುಡುಗರಿದ್ದಾರೆ: ಇಬ್ಬರು ಚಾಪೆಯ ಮೇಲೆ, ಒಬ್ಬ ಮೊಬೈಲ್ ಹಿಡಿದು, ಒಬ್ಬ ಕೂಗುತ್ತ. ಟವೆಲ್ ಯಾರ ಕೈಯಲ್ಲಿದೆ?

ಯುಎಫ್‌ಸಿ ಕೂಡ ಇದನ್ನು ಕಷ್ಟಪಟ್ಟೇ ಕಲಿತದ್ದು. ಮೊದಲ ಎರಡು ಕೂಟಗಳಲ್ಲಿ ಪಂದ್ಯ ನಿಲ್ಲಿಸುವ ಅಧಿಕಾರ ರೆಫರಿಗೆ ಇರಲಿಲ್ಲ. ಸ್ಪರ್ಧಿ ಒಪ್ಪಬೇಕು, ಇಲ್ಲವೇ ಅವನ ಕಡೆಯವರು ಟವೆಲ್ ಎಸೆಯಬೇಕು. ಎರಡನೆಯ ಕೂಟದ ರೆಫರಿ ಜಾನ್ ಮೆಕಾರ್ತಿ ಲಾಸ್ ಏಂಜಲೀಸ್‌ನ ಪೊಲೀಸ್ ಅಧಿಕಾರಿ. ತನ್ನವನು ಪೆಟ್ಟು ತಿನ್ನುತ್ತಿದ್ದರೂ ಟವೆಲ್ ಎಸೆಯದೆ ನಿಂತವರನ್ನು ನೋಡಿ, ನಿಲ್ಲಿಸುವ ಅಧಿಕಾರ ಕೊಡದಿದ್ದರೆ ತಾನು ಬರುವುದಿಲ್ಲ ಎಂದರು. ಮೂರನೆಯ ಕೂಟದಿಂದ ಆ ಅಧಿಕಾರ ಬಂತು. ನಮ್ಮ ಮೈಸೂರಿನ ವಜ್ರಮುಷ್ಟಿ ಕಾಳಗ ಇದಕ್ಕಿಂತ ಎಷ್ಟೋ ಹಳೆಯದು. ದಸರೆಯಲ್ಲಿ ಅರಮನೆಯಂಗಳದಲ್ಲಿ ಜಟ್ಟಿಗಳು ತಲೆ ಬೋಳಿಸಿಕೊಂಡು ನಿಲ್ಲುವುದೇ ಮೊದಲ ಹನಿ ರಕ್ತ ಎಲ್ಲರಿಗೂ ಕಾಣಲಿ, ಆ ಕ್ಷಣವೇ ನಿಲ್ಲಿಸಲಿ ಎಂದು. ನಿಲ್ಲಿಸುವುದು ಕಾದಾಟಕ್ಕೆ ಹೊರಗಿನಿಂದ ಅಂಟಿಸಿದ್ದಲ್ಲ, ಅದು ವಿದ್ಯೆಯ ಭಾಗ.

ಬರಿಗೈ ಸುರಕ್ಷಿತ ಎಂಬ ವಾದದಲ್ಲಿಯೂ ಅರ್ಧ ಸತ್ಯವಿದೆ. ಗ್ಲೌಸ್ ಕಾಯುವುದು ಹೊಡೆಯುವವನ ಕೈಯನ್ನು, ಹೊಡೆಸಿಕೊಳ್ಳುವವನ ಮಿದುಳನ್ನಲ್ಲ. ಕೈಗೆ ನೋವಾಗದಿದ್ದರೆ ತಲೆಗೆ ಹೆಚ್ಚು ಹೊಡೆಯುತ್ತಾರೆ, ಇದು ನಿಜ. ಆದರೆ ಬರಿಗೈ ಏನು ಮಾಡುತ್ತದೆ ಎಂಬುದಕ್ಕೂ ಹಳೆಯ ಪಂದ್ಯಗಳೇ ಸಾಕ್ಷಿ. ಮೊದಲ ಯುಎಫ್‌ಸಿಯ ಮೊದಲ ಪಂದ್ಯದಲ್ಲಿ ಗೊರ್ಡೊ 26 ಸೆಕೆಂಡಿನಲ್ಲಿ ಟೈಲಾ ಟುಲಿಯನ್ನು ಸೋಲಿಸಿದ. ಟುಲಿಯ ಹಲ್ಲು ಹಾರಿತು, ಹಲ್ಲಿನ ಚೂರು ಗೊರ್ಡೊನ ಪಾದದೊಳಗೆ ಹೊಕ್ಕಿತು, ಗುದ್ದಿದ ಕೈ ಮುರಿಯಿತು. ಮೂರನೆಯ ಕೂಟದಲ್ಲಿ ಕೀತ್ ಹ್ಯಾಕ್ನಿ ತನಗಿಂತ ಮೂರು ಪಟ್ಟು ತೂಕದ ಇಮ್ಯಾನ್ಯುಯೆಲ್ ಯಾರ್ಬರೊನನ್ನು ಸೋಲಿಸಿ ಹೆಸರು ಮಾಡಿದ, ಮುರಿದ ಕೈಯಿಂದಾಗಿ ಮುಂದಿನ ಸುತ್ತಿಗೆ ಬರಲಾಗಲಿಲ್ಲ. ಬೆರಳ ಗೆಣ್ಣಿನ ಹಿಂದಿನ ಮೂಳೆಗಳು ಪೆನ್ಸಿಲಿನಷ್ಟು ದಪ್ಪ, ತಲೆಬುರುಡೆ ಹಾಗಲ್ಲ. ಪರೀಕ್ಷೆ ಬರೆಯಬೇಕಾದ ಹುಡುಗನ ಕೈ ಅದು.

ಇನ್ನೊಂದು ಪಂದ್ಯವನ್ನು ಹೇಳದೆ ಇರಲಾರೆ. 1995ರ ಏಪ್ರಿಲ್‌ನಲ್ಲಿ ಟೋಕಿಯೊದ ಕೂಟವೊಂದರಲ್ಲಿ ಯೂಕಿ ನಕಾಯ್ ಎಂಬ ಸುಮಾರು 70 ಕೆ.ಜಿ.ಯ ಯುವಕ ಇದೇ ಗೊರ್ಡೊ ಎದುರು ನಿಂತ. ಗೊರ್ಡೊ ಅವನ ಕಣ್ಣಿಗೆ ಬೆರಳು ಹಾಕಿದ. ನಕಾಯ್ ಬಿಡಲಿಲ್ಲ, ಹಿಮ್ಮಡಿ ತಿರುಚಿ ಗೆದ್ದ. ಅದೇ ರಾತ್ರಿ ತನಗಿಂತ ಬಹಳ ದೊಡ್ಡವನಾದ ಕ್ರೇಗ್ ಪಿಟ್ಮನ್‌ನನ್ನೂ ಗೆದ್ದು, ಫೈನಲ್‌ನಲ್ಲಿ ರಿಕ್ಸನ್ ಗ್ರೇಸಿಗೆ ಸೋತ. ಬಲಗಣ್ಣಿನ ದೃಷ್ಟಿ ಮತ್ತೆ ಬರಲಿಲ್ಲ. ಆಟಕ್ಕೆ ಕೆಟ್ಟ ಹೆಸರು ಬರಬಾರದೆಂದು ಅದನ್ನು ವರ್ಷಗಟ್ಟಲೆ ಯಾರಿಗೂ ಹೇಳಲಿಲ್ಲ. ಆ ಪಂದ್ಯವನ್ನು ನಾನು ತುಂಬ ಗೌರವದಿಂದ ನೋಡುತ್ತೇನೆ, ನೋಡಿದಾಗಲೆಲ್ಲ ಸಂಕಟವಾಗುತ್ತದೆ. 1998ರಲ್ಲಿ ಕೀವ್‌ನಲ್ಲಿ ಡಗ್ಲಸ್ ಡೆಜ್ ಎಂಬ ಅಮೆರಿಕನ್ ಪಂದ್ಯದಲ್ಲಿ ಬಿದ್ದ ಪೆಟ್ಟಿನಿಂದ ಸತ್ತೇಹೋದ. ಇಂಥದ್ದರ ನಡುವೆಯೇ 1997ರಲ್ಲಿ ತೂಕದ ವರ್ಗ ಬಂತು, ಅದೇ ವರ್ಷ ಗ್ಲೌಸ್ ಕಡ್ಡಾಯವಾಯಿತು, 2000-01ರಲ್ಲಿ ನ್ಯೂಜೆರ್ಸಿಯಲ್ಲಿ ಏಕರೂಪದ ನಿಯಮಾವಳಿ ರೂಪುಗೊಂಡಿತು. ಅವು ಆಟವನ್ನು ಸಪ್ಪೆ ಮಾಡಲು ಬಂದ ನಿಯಮಗಳಲ್ಲ.

ಹಾಗಾದರೆ ಏನು ಮಾಡಬೇಕು? ಒಮ್ಮೆಲೇ ನಿಷೇಧಿಸುವುದು ಸುಲಭವಾಗಿ ಕಾಣುತ್ತದೆ. ನನ್ನ ಅನುಭವದಲ್ಲಿ ಹಾಗೆ ತಡೆದ ಹುಡುಗರು ಆಟವನ್ನು ಬಿಡುವುದಿಲ್ಲ, ನಿಮ್ಮ ತಾರಸಿಯನ್ನು ಬಿಡುತ್ತಾರೆ, ಅಷ್ಟೇ. ಆಮೇಲೆ ಪೆಟ್ಟಾದರೆ ನಿಮಗೆ ಗೊತ್ತೂ ಆಗುವುದಿಲ್ಲ. ಗ್ಲೌಸ್ ಕೊಡಿಸಿ ಅಲ್ಲೇ ಆಡಲು ಬಿಡುವುದು ಇನ್ನೂ ಕೆಟ್ಟದ್ದು. ಕಾಂಕ್ರೀಟಿನ ಮೇಲೆ ತೆಳುವಾದ ಚಾಪೆ, ಗ್ಲೌಸ್ ಕೊಟ್ಟ ಹುಮ್ಮಸ್ಸು, ಹಿಂದಕ್ಕೆ ಬಿದ್ದರೆ ತಲೆ. ತಾರಸಿ ಇವತ್ತಿಗೆ ಮುಗಿಯಲಿ. ಕುತ್ತಿಗೆ ಹಿಡಿಯುವ ಚೋಕ್‌ಗಳನ್ನು ಮನೆಯಲ್ಲಿ ಪ್ರಯೋಗ ಮಾಡುವುದಂತೂ ಬೇಡವೇ ಬೇಡ. ಸರಿಯಾಗಿ ಕೂತ ಚೋಕ್ ಹತ್ತು ಸೆಕೆಂಡಿನೊಳಗೆ ಪ್ರಜ್ಞೆ ತಪ್ಪಿಸಬಹುದು, ತಪ್ಪಾಗಿ ಕೂತದ್ದು ಗಂಟಲನ್ನು ಜಜ್ಜುತ್ತದೆ.

ನನ್ನ ಸಲಹೆ, ಮೊಣಕೈ ಗುಣವಾಗಿ ವೈದ್ಯರು ಒಪ್ಪಿದ ಮೇಲೆ ಅವನನ್ನು ಕಲಿಯಲು ಕಳುಹಿಸಿ. ನಿಮ್ಮ ಊರಿನಲ್ಲಿ ಕುಸ್ತಿಯ ಮ್ಯಾಟ್ ಇರುವ ಗರಡಿಯೋ ಕ್ರೀಡಾ ಶಾಲೆಯೋ ಇದ್ದರೆ ಅಲ್ಲಿಂದ ಶುರು ಮಾಡುವುದು ಒಳ್ಳೆಯದು. ಖರ್ಚು ಕಡಿಮೆ, ಬೀಳುವುದನ್ನು ಚೆನ್ನಾಗಿ ಕಲಿಸುತ್ತಾರೆ, ಮುಂದೆ ಏನು ಕಲಿತರೂ ಅದು ಬುನಾದಿ. ಮಂಡಿ ಮತ್ತು ಕಿವಿಗೆ ಪೆಟ್ಟಾಗುವ ಸಂಭವವಿದೆ, ಅದನ್ನು ತಿಳಿದೇ ಹೋಗಬೇಕು. ಜಿಯು-ಜಿತ್ಸು ಅಥವಾ ಮಿಕ್ಸ್ಡ್ ಮಾರ್ಷಲ್ ಆರ್ಟ್ಸ್ ಜಿಮ್ ಆದರೆ ಹಣ ಕಟ್ಟುವ ಮೊದಲು ಒಂದು ಸಂಜೆ ಸುಮ್ಮನೆ ಕೂತು ನೋಡಿ. ಗೋಡೆಯ ಮೇಲಿನ ಪ್ರಮಾಣಪತ್ರಗಳನ್ನಲ್ಲ, ಯಾರಾದರೂ ಟ್ಯಾಪ್ ಮಾಡಿದಾಗ ಎದುರಿಗಿದ್ದವನು ಎಷ್ಟು ಬೇಗ ಬಿಡುತ್ತಾನೆ ಎಂಬುದನ್ನು ನೋಡಿ. ಹೊಸಬರಿಗೆ ಮೊದಲ ವಾರವೇ ತಲೆಗೆ ಹೊಡೆಯುವ ಸ್ಪಾರಿಂಗ್ (ಅಭ್ಯಾಸದ ಕಾದಾಟ) ಮಾಡಿಸುತ್ತಿದ್ದರೆ, ಟ್ಯಾಪ್ ಮಾಡಿದವನನ್ನು ಕೋಚ್ ಹೀಯಾಳಿಸಿದರೆ, ಎದ್ದು ಬಂದುಬಿಡಿ. ನನ್ನ ಬಳಿ ಬರುವವರಿಗೆ ಮೊದಲ ತಿಂಗಳು ಬೀಳುವುದು, ಏಳುವುದು, ಹಿಡಿತದಿಂದ ತಪ್ಪಿಸಿಕೊಳ್ಳುವುದು, ಟ್ಯಾಪ್ ಮಾಡುವುದು ಇಷ್ಟೇ. ಬೇಸರಪಟ್ಟು ಬಿಟ್ಟುಹೋದವರಿದ್ದಾರೆ. ಉಳಿದವರ ಮೊಣಕೈಗಳು ಇನ್ನೂ ನೆಟ್ಟಗಿವೆ.

ಹಳೆಯ ಪಂದ್ಯಗಳನ್ನು ನೋಡುವುದನ್ನು ನಿಲ್ಲಿಸಬೇಡಿ. ಅಪ್ಪನನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಸೆವರ್ನ್ ಪಂದ್ಯದಿಂದ ಶುರು ಮಾಡಿ. ಕೆಡವುವುದು ಹೇಗೆಂದು ಅವರು ಹೇಳಲಿ, ಕೆಳಗಿನ ಕಾಲುಗಳು ಏನು ಮಾಡುತ್ತಿವೆ ಎಂದು ತಮ್ಮ ಹೇಳಲಿ. ಆಮೇಲೆ ರೆಂಜೊ ಪಂದ್ಯದ ಕೊನೆಯ ನಿಮಿಷಕ್ಕೆ ಬಂದಾಗ ವಿಡಿಯೊ ನಿಲ್ಲಿಸಿ, ರೆಫರಿ ಎಲ್ಲಿ ನಿಂತಿದ್ದಾರೆ ಎಂದು ತಮ್ಮನನ್ನು ಕೇಳಿ. ಎರಡೂ ಕೈ ಸಿಕ್ಕಿಬಿದ್ದಾಗ ಕಾಲಿನಿಂದ ನೆಲ ತಟ್ಟಿದರೂ, ಬಾಯಲ್ಲಿ "ಟ್ಯಾಪ್" ಎಂದು ಕೂಗಿದರೂ ಅದು ಟ್ಯಾಪ್ ಎಂದೇ ಲೆಕ್ಕ. ಇದು ಅವನಿಗೂ ಅವನ ಮೂವರು ಗೆಳೆಯರಿಗೂ ಗೊತ್ತಿದೆಯೇ ಎಂದೂ ಕೇಳಿ ನೋಡಿ. ಎಕ್ಸ್-ರೇ ಬಂದ ಮೇಲೆ ಮತ್ತೆ ಬರೆಯಿರಿ.